ರಾಣಿ ಬಾವಿಗೆ ಹತ್ತಿರದ ಲಾಡ್ಜ್

ಬಸ್ಸಿನಿಂದ ಇಳಿದವರ ಮುಖವನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಕಾಲು. ನನ್ನದು ಹೊಲಿಗೆ ಅಂಗಡಿ. ಬಸ್ಸು ನಿಲ್ಲುವುದು ಊರ ಬಾಗಿಲಿನ ಹೊರಗೆ, ನನ್ನ ಅಂಗಡಿ ಬಾಗಿಲಿನ ಒಳಗೆ, ಎದುರಿಗೇ. ಇಳಿದವರು ಚೀಲ ಹೆಗಲಿಗೇರಿಸಿಕೊಂಡು ಅತ್ತಿತ್ತ ನೋಡಿ, ನೋಡುವ ಜಾಗಗಳಿಗೆಲ್ಲ ಹತ್ತಿರವಾಗುವ ಲಾಡ್ಜ್ ಯಾವುದು ಎಂದು ಕೇಳುತ್ತ ನನ್ನ ಬಳಿ ಬರುತ್ತಾರೆ. ನಾನು ಅವರನ್ನು ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ, ಟೇಪು ಹಿಡಿದು ಅಳೆದು, ಲಾಡ್ಜಿನ ಹೆಸರು ಹೇಳುತ್ತೇನೆ. ಆ ಹತ್ತು ಹೆಜ್ಜೆಯೂ ತಮ್ಮ ಲೆಕ್ಕಕ್ಕೆ ಹೋಯಿತಲ್ಲ ಎಂದು ಜಗಳಕ್ಕೆ ನಿಂತವರೂ ಇದ್ದಾರೆ.

ಹೊರಗಿನವರಿಗೆ ನಮ್ಮ ಊರಲ್ಲಿ, ಬಾಗಿಲಿನ ಒಳಗೆ, ದಿನಕ್ಕೆ ಸಾವಿರ ಹೆಜ್ಜೆ. ಸೂರ್ಯ ಹುಟ್ಟಿದಾಗ ಲೆಕ್ಕ ಶುರು, ಮತ್ತೆ ಹುಟ್ಟುವ ತನಕ ಅಷ್ಟೇ. ಸಾವಿರದ ಒಂದನೆಯದಕ್ಕೆ ಕಾಲು ಏಳುವುದಿಲ್ಲ. ನೋವಿಲ್ಲ, ಉರಿಯಿಲ್ಲ, ಸುಮ್ಮನೆ ಏಳುವುದಿಲ್ಲ. ಎತ್ತಿಕೊಂಡು ಹೋಗಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹೊತ್ತವರ ಹೆಜ್ಜೆಯೂ ಕೂತವರ ಲೆಕ್ಕಕ್ಕೇ ಬೀಳುತ್ತದೆ. ಹಿಂದೊಮ್ಮೆ ಯಾರೋ ಜಹಗೀರದಾರರು ಮೇಣೆಯಲ್ಲಿ ಬಂದಿದ್ದರಂತೆ. ನಾಲ್ಕು ಜನ ಹೊತ್ತಿದ್ದರಿಂದ ಇನ್ನೂರೈವತ್ತಕ್ಕೇ ಮೇಣೆ ನಡುಬೀದಿಯಲ್ಲಿ ಕೂತುಬಿಟ್ಟಿತು. ಗಾಡಿಯಾದರೆ ಚಕ್ರದ ಒಂದು ಸುತ್ತು ಒಂದು ಹೆಜ್ಜೆ. ಆಟೋಗೆ ಮೂರು ಚಕ್ರ. ಎತ್ತಿನ ಗಾಡಿಗೆ ಎತ್ತುಗಳ ಕಾಲೂ ಸೇರುತ್ತವೆ. ನಿಂತುಹೋದವರನ್ನು ಎತ್ತಲು ನೋಡಿದ ಗರಡಿಮನೆಯ ಪೈಲ್ವಾನನೊಬ್ಬ ಆರು ತಿಂಗಳು ಸೊಂಟ ಹಿಡಿದುಕೊಂಡು ಮಲಗಿದ ಮೇಲೆ ಜನ ಆ ಆಸೆಯನ್ನೂ ಬಿಟ್ಟರು.

ಊರು ಇದಕ್ಕೆ ಹೊಂದಿಕೊಂಡಿದೆ. ಪ್ರತಿ ಮನೆಯ ಬಾಗಿಲ ಹಿಂದೆ ನಿಂತವರಿಗೆಂದು ಒಂದು ಮಣೆ ಇರುತ್ತದೆ. ಯಾರಾದರೂ ಹೊರಗಿನವರು ಬೀದಿಯಲ್ಲಿ ನಿಂತು ಕಾಲು ನೋಡಿಕೊಳ್ಳುತ್ತಿದ್ದರೆ, ಹತ್ತಿರದ ಮನೆಯವರು ಏನೂ ಕೇಳದೆ ಮಣೆ ತಂದಿಡಬೇಕು, ನೀರು ಕೊಡಬೇಕು, ಊಟದ ಹೊತ್ತಾದರೆ ಊಟ. 'ಯಾಕೆ ನಿಂತಿರಿ' ಎಂದು ಕೇಳುವುದು ಒರಟುತನ. ಬೆಳಗಾದ ಮೇಲೆ ಅವರು ಹೋಗುತ್ತಾರೆ; ಕೆಲವರು ಮುಂದೆ ಮದುವೆಯ ಕರೆಯೋಲೆ ಕಳಿಸುತ್ತಾರೆ. ಲಾಡ್ಜಿನವರು ಮಾತ್ರ ಸುಧಾರಿಸಿಲ್ಲ. 'ಏಳು ಕಮಾನಿಗೆ ಕೇವಲ ಮುನ್ನೂರು ಹೆಜ್ಜೆ' ಎಂದು ಬೋರ್ಡು ಬರೆಸುತ್ತಾರೆ. ಅಳೆಯಲು ಅವರು ಕರೆತಂದವನು ಆರೂವರೆ ಅಡಿ ಎತ್ತರದವನು ಎಂಬುದನ್ನು ಬರೆಸುವುದಿಲ್ಲ. ಹೋಗಲು ಎಷ್ಟೋ ಬರಲೂ ಅಷ್ಟೇ ಬೇಕು ಎಂಬುದು ಬಂದವರಿಗೂ ಹೊಳೆಯುವುದಿಲ್ಲ.

ನನಗೂ ಹೊಳೆದಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಬೇರೆ ಊರಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಕತ್ತರಿ ಹಿಡಿಯುತ್ತಿದ್ದವನು, ಎರಡು ದಿನ ರಜೆ ಹಾಕಿ ಹಳೆಯ ಕಟ್ಟಡ ನೋಡಲು ಬಂದೆ. ಬೋರ್ಡು ನಂಬಿ ಲಾಡ್ಜ್ ಹಿಡಿದೆ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಇದೇ ಹೊಲಿಗೆ ಅಂಗಡಿಯ ಮುಂದೆ ಕಾಲು ನಿಂತವು. ಅಂಗಡಿಯ ಹುಸೇನಸಾಬರು ಮಣೆ ತಂದಿಟ್ಟು, ಚಹಾ ಕೊಟ್ಟು, ನನ್ನ ಕೈ ಸುಮ್ಮನಿರದೆ ಚಡಪಡಿಸುವುದನ್ನು ನೋಡಿ, ಐದು ಅಂಗಿ ಮತ್ತು ಒಂದು ಡಬ್ಬಿ ಗುಂಡಿ ಮಡಿಲಿಗೆ ಹಾಕಿದರು. "ಹೊತ್ತು ಹೋಗಬೇಕಲ್ಲೋ, ಹೊಲಿ," ಎಂದರು. ಸಂಜೆಯ ತನಕ ಗುಂಡಿ ಹೊಲಿದೆ. ಮರುದಿನದ ಬಸ್ಸು ಹತ್ತಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅವರು ಅದನ್ನು 'ಹೆಜ್ಜಿ ಇದ್ದಷ್ಟು ಊರು ನೋಡು' ಎಂದು ತಿರುಗಿಸಿ ಹೇಳುತ್ತಿದ್ದರು. ಮುಂದೆ ಅಂಗಡಿ, ಅಟ್ಟದ ಮೇಲಿನ ಮನೆ, ಆ ಮಣೆ, ಎಲ್ಲ ನನಗೇ ಬಂತು.

ಇನ್ನೊಂದು ಮಾತು ಹೇಳಬೇಕು, ಯಾರಿಗೂ ಹೇಳಿಲ್ಲ. ಹೊರಗಿನವರು ಇಲ್ಲೇ ನೆಲೆಸಿದರೆ ಯಾವತ್ತೋ ಒಂದು ದಿನ ಲೆಕ್ಕ ನಿಂತುಹೋಗುತ್ತದೆ, ಆಮೇಲೆ ಊರಿನವರ ಹಾಗೆ ಎಷ್ಟು ಬೇಕಾದರೂ ನಡೆಯಬಹುದು. ಯಾವ ದಿನ ಎಂದು ಯಾರಿಗೂ ಗೊತ್ತಿಲ್ಲ. ಒಬ್ಬ ಸೊಸೆಗೆ ಮೂರು ತಿಂಗಳಿಗೇ ನಿಂತಿತು, ಒಬ್ಬ ಮೇಷ್ಟ್ರಿಗೆ ಮೂವತ್ತು ವರ್ಷವಾದರೂ ನಿಲ್ಲಲಿಲ್ಲ. ನನಗೆ ಪರೀಕ್ಷೆ ಮಾಡಿ ನೋಡುವ ಧೈರ್ಯ ಬರಲಿಲ್ಲ. ನನ್ನ ಲೆಕ್ಕ ಎಂದೋ ನಿಂತಿದೆ ಎಂದುಕೊಂಡು ಎಲ್ಲರೂ ನನ್ನನ್ನು ಊರಿನವನೆಂದೇ ತಿಳಿದಿದ್ದರು. ಬೀದಿಯಲ್ಲಿ ಕಾಲು ನಿಂತು, ಇಷ್ಟು ವರ್ಷ ಜೊತೆಗಿದ್ದವರೇ ಮಣೆ ತಂದಿಟ್ಟರೆ ಆ ಮುಖ ಯಾರಿಗೆ ತೋರಿಸಲಿ? ಹಾಗಾಗಿ ಎಣಿಸಿಕೊಂಡೇ ಬದುಕಿದೆ. ಸಂತೆಗೆ ಹೋಗಿ ಬರಲು ಮುನ್ನೂರ ಇಪ್ಪತ್ತು, ಕ್ಷೌರಕ್ಕೆ ತೊಂಬತ್ತು, ಅಟ್ಟದ ಮೆಟ್ಟಿಲು ಹದಿನಾಲ್ಕು. ಊರಿಗೆಲ್ಲ ದಾರಿ ಹೇಳುವ ನಾನು ಏಳು ಕಮಾನಿನ ಆಚೆ ಕಾಲಿಟ್ಟಿರಲಿಲ್ಲ. ಎಲ್ಲರೂ ನೋಡಲು ಬರುವ ಮೆಟ್ಟಿಲು ಬಾವಿ, ರಾಣಿ ಬಾವಿ, ಅದನ್ನೂ ನೋಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹುಸೇನಸಾಬರು ತೀರಿಕೊಂಡರು; ಕಬರಸ್ಥಾನ ಇರುವುದು ಕಮಾನಿನ ಆಚೆ. ಅವರ ಜೊತೆ ನಡೆದ ನನಗೆ ಒಂಬೈನೂರ ಎಂಬತ್ತನೆಯ ಹೆಜ್ಜೆಗೆ ಕಮಾನು ಬಂತು. ತಲೆ ಸುತ್ತುತ್ತದೆ ಎಂದು ಸುಳ್ಳು ಹೇಳಿ ಅಲ್ಲೇ ಒಂದು ಕಟ್ಟೆಯ ಮೇಲೆ ಕೂತೆ. ಅವರನ್ನು ಬೇರೆಯವರು ಹೊತ್ತುಕೊಂಡು ಹೋದರು. ಅದನ್ನು ನೆನೆದರೆ ಇವತ್ತಿಗೂ ಮೈ ಸುಡುತ್ತದೆ.

ಹೀಗಿರುವಾಗ ಒಂದು ದಿನ ಬೆಳಗಿನ ಎಂಟರ ಬಸ್ಸಿಗೆ ಒಬ್ಬ ಮುದುಕಿ ಬಂದಳು. ಇಳಕಲ್ ಸೀರೆ, ರಬ್ಬರ್ ಚಪ್ಪಲಿ, ಕೈಯಲ್ಲೊಂದು ಬಟ್ಟೆಯ ಚೀಲ. ವಯಸ್ಸು ಎಪ್ಪತ್ತರ ಹತ್ತಿರ. ಬಲಗಾಲು ಸ್ವಲ್ಪ ಎಳೆಯುತ್ತಿದ್ದಳು, ಹೆಜ್ಜೆ ಒಂದು ಅಡಿಯನ್ನೂ ಮೀರುವಂತಿರಲಿಲ್ಲ.

"ಅವ್ವಾರ, ಈ ಕಲ್ಲಿನ ಮೇಲೆ ಹತ್ತು ಹೆಜ್ಜೆ ನಡೀರಿ, ಅಳತೆ ತಗೋತೀನಿ," ಎಂದೆ.

"ಯಾಕ, ನನಗ ಪಾಯಜಾಮ ಹೊಲೀತಿ ಏನು?"

"ನಿಮಗೆ ಯಾವ ಲಾಡ್ಜ್ ಸರಿಹೋಗುತ್ತೆ ಅಂತ ನೋಡೋದಕ್ಕೆ."

"ಅಳತಿ ಪರಊರಾವರದು ತಗೋ ತಮ್ಮಾ. ನಾ ಇದ ಊರಾಕಿ, ನೀಲಗಂಗವ್ವ. ನಗಾರಖಾನಿ ಓಣ್ಯಾಗ ಹುಟ್ಟೀನಿ. ಹದಿನಾರು ವರ್ಷ ಇದ ಕಲ್ಲಿನ ಮ್ಯಾಲೆ ಕುಂಟಾಟ ಆಡೀನಿ. ನೀ ಆವಾಗ ಹುಟ್ಟಿದ್ದಿಲ್ಲ."

ಮದುವೆಯಾಗಿ ಹೋದ ಮೇಲೆ ಬಂದಿದ್ದೀರಾ ಎಂದು ಕೇಳಿದೆ. ಐವತ್ತೆರಡು ವರ್ಷದಿಂದ ಬಂದಿಲ್ಲವೆಂದಳು. ಅಪ್ಪ ಅವ್ವ ಅದೇ ವರ್ಷ ಮನೆ ಮಾರಿ ಹೋದರಂತೆ, ಬರಲು ಕಾರಣವಿರಲಿಲ್ಲ.

"ಈಗ ರಾಣಿ ಬಾವಿ ನೋಡಾಕ ಬಂದೀನಿ. ಇವತ್ತ ಸಂಜೀಕ ಅದಕ್ಕ ಬಾಗಲಾ ಹಾಕ್ತಾರಂತಲ್ಲ? ಪೇಪರ್ನಾಗ ಬಂದಿತ್ತು."

ಅದು ನಿಜ. ಹಳೆಯ ಕಟ್ಟಡ ನೋಡಿಕೊಳ್ಳುವ ಕಚೇರಿಯವರು ರಿಪೇರಿಗೆಂದು ಆ ದಿನ ಸಂಜೆ ನಾಲ್ಕಕ್ಕೆ ಬಾವಿಗೆ ಕಬ್ಬಿಣದ ಗೇಟು ಜಡಿಯುವವರಿದ್ದರು. ಐದು ವರ್ಷ ಯಾರೂ ಇಳಿಯುವಂತಿಲ್ಲ.

ಬೇರೆ ಯಾರೇ ಆಗಿದ್ದರೂ ನಾನು ಹೇಳುತ್ತಿದ್ದ ಮಾತು ಒಂದೇ: ಮತ್ತೆ ಅದೇ ಬಸ್ಸು ಹತ್ತಿ ಕೂತುಬಿಡಿ. ಆ ಬಸ್ಸು ಹತ್ತು ನಿಮಿಷ ನಿಂತು, ಬೆಟ್ಟ ಬಳಸಿಕೊಂಡು ಊರಿನ ಹಿಂಬಾಗಿಲಿಗೆ ಹೋಗುತ್ತದೆ, ದಿನಕ್ಕೆ ಅದೊಂದೇ ಸಲ. ಹಿಂಬಾಗಿಲಲ್ಲಿ ಬಾವಿಕಟ್ಟೆ ಲಾಡ್ಜ್ ಇದೆ. ರೂಮು ಮುಗ್ಗಲು ವಾಸನೆ, ಚಹಾ ಚೆನ್ನಾಗಿಲ್ಲ, ಆದರೆ ಅಲ್ಲಿಂದ ರಾಣಿ ಬಾವಿ ಆಕೆಯ ಕಾಲಿಗೂ ನಾನೂರು ಹೆಜ್ಜೆ. ಹೋಗಿ ಬರಬಹುದು. ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಊರಿನವಳಿಗೆ ಅದನ್ನು ಹೇಳಿದರೆ ಮನೆ ಮಗಳನ್ನು ಅತಿಥಿ ಎಂದ ಹಾಗಾಗುತ್ತದೆ. ಅದಲ್ಲದೆ, ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಎಣಿಸದೆ ನಡೆಯುವವಳು, ಎಲ್ಲಿ ಬೇಕಾದರೂ ಇರಲಿ ಎಂದುಕೊಂಡೆ.

"ನನ್ನ ಓಣ್ಯಾಗ ಯಾವದರ ಲಾಡ್ಜ್ ಐತೇನು?" ಎಂದು ಕೇಳಿದಳು. ನಗಾರಖಾನೆ ಓಣಿಯಲ್ಲಿ ಒಂದಿದೆ, ಅಲ್ಲಿಗೇ ಹೋಗಿ ಎಂದೆ. ಅಳತೆ ತೆಗೆಯಲಿಲ್ಲ. ಬಸ್ಸು ಹಿಂಬಾಗಿಲಿಗೆ ಹೊರಟುಹೋಯಿತು.

ಹನ್ನೊಂದೂವರೆಗೆ ಗಾದಿ ಅಂಗಡಿಯ ಲಾಲಸಾಬ ತಲೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡೇ ಓಡಿ ಬಂದ. "ನೇಮಣ್ಣಾ, ನೀ ಕಳಿಸಿದ ಮುದಿಕಿ ನಮ್ಮ ಅಂಗಡಿ ಮುಂದ ನಿಂತಾಳ."

ನಮ್ಮ ಊರಲ್ಲಿ ನಿಂತಾಳೆ ಎಂದರೆ ಒಂದೇ ಅರ್ಥ. "ಆಕೆ ಊರಿನವಳಲ್ಲವಾ?" ಎಂದೆ.

"ಹಂಗಂತ ಆಕಿನೂ ಅಂತಾಳ. ಕಾಲು ಹೂಂ ಅನ್ನವಲ್ವು."

ಇಂಥದ್ದು ಆಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ದುಡಿಯಲು ಹೋದವರು ವರ್ಷ ಎರಡು ವರ್ಷ ಬಿಟ್ಟು ಬಂದು ಮೊದಲಿನಂತೆಯೇ ಓಡಾಡುತ್ತಾರೆ. ಐವತ್ತೆರಡು ವರ್ಷ ಬಿಟ್ಟು ಬಂದವರು ಯಾರೂ ಇರಲಿಲ್ಲ, ಅಷ್ಟೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಎಲ್ಲ ಊರಿಗೂ ಸಲ್ಲುತ್ತದೆ, ನಮ್ಮ ಊರಿಗೆ ಸಲ್ಲುವುದಿಲ್ಲ.

ನೀಲಗಂಗವ್ವ ಲಾಲಸಾಬನ ಮಣೆಯ ಮೇಲೆ ಬಾವಿಯ ದಿಕ್ಕಿಗೆ ಮುಖ ಮಾಡಿ ಕೂತಿದ್ದಳು. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು. ನನ್ನನ್ನು ನೋಡಿ ಚಪ್ಪಲಿ ತೋರಿಸಿದಳು, ಕಲ್ಲಿಗೆ ಮೊಳೆ ಹೊಡೆದಂತೆ ಕೂತಿದ್ದವು.

"ನೋಡಪಾ. ಗಂಡನ ಊರಾಗ ಐವತ್ತೆರಡು ವರ್ಷ ಬಾಳೇವು ಮಾಡಿದೆ. ಅಲ್ಲಿಯವರು ಕಡೀತನಕಾ ನನ್ನ ನಗಾರಖಾನಿಯಾಕಿ ಅಂತನ ಕರದ್ರು. ಇಲ್ಲಿ ಬಂದ್ರ ಈ ಕಲ್ಲು ನೀ ಯಾರಾಕಿ ಅಂತೈತಿ."

"ತಪ್ಪು ನನ್ನದು ಅವ್ವಾರ. ಅಳತೆ ತಗೋಬೇಕಿತ್ತು. ಹಿಂಬಾಗಿಲಿಗೆ ಕಳಿಸಬೇಕಿತ್ತು," ಎಂದೆ.

"ನಿನ್ನ ಲಾಡ್ಜ್ ಹಾಳಾಗ್ಲಿ," ಎಂದಳು. ಆಮೇಲೆ ತಾನೇ ಹೇಳತೊಡಗಿದಳು. ಆಕೆಗೊಬ್ಬ ಅಕ್ಕ ಇದ್ದಳಂತೆ, ಗೌರಕ್ಕ. ಚಿಕ್ಕವರಿದ್ದಾಗ ಮಧ್ಯಾಹ್ನದ ಬಿಸಿಲಿಗೆ ಇಬ್ಬರೂ ರಾಣಿ ಬಾವಿಗೆ ಇಳಿದು, ಎರಡನೆಯ ಕಟ್ಟೆಯ ಮೇಲೆ ಮೊಳೆಯಿಂದ ಗೀಚಿ ಚೌಕಾಬಾರದ ಮನೆ ಮಾಡಿದ್ದರು. ಎಲ್ಲರ ಹಾಗೆ ಐದೈದು ಮನೆ, ಆದರೆ ಒಂದು ಮೂಲೆಯ ಹೊರಗೆ ಗೌರಕ್ಕ ಇನ್ನೊಂದು ಮನೆ ಅಂಟಿಸಿದ್ದಳು. ಅದಕ್ಕೆ ಕಳ್ಳಮನೆ ಎಂದು ಹೆಸರು. ಅದರೊಳಗೆ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಗಂಡನ ಮನೆಯಲ್ಲಿ ಈ ಮಾತು ಹೇಳಿದಾಗೆಲ್ಲ ಜನ ನಕ್ಕಿದ್ದರು. ಚೌಕಾಬಾರಕ್ಕೆ ಹೊರಗೊಂದು ಮನೆ ಎಲ್ಲಾದರೂ ಇದೆಯೇ, ಸೋಲುವಾಗ ಮಾಡಿಕೊಂಡ ಸುಳ್ಳು ಎಂದಿದ್ದರು.

"ಅಕ್ಕ ಇರೂತನಕಾ ಚಿಂತಿ ಇದ್ದಿದ್ದಿಲ್ಲ. ಐತೋ ಇಲ್ಲೋ ಅಂದ್ರ, ಐತಿ ಅನ್ನಾಕ ಆಕಿ ಇದ್ಲು. ಹ್ವಾದ ತಿಂಗಳ ಹೋದ್ಲು. ಈಗ ನನಗ ನನ್ನ ಮ್ಯಾಲೆ ಸಂಶೆ ಬಂದೈತಿ. ಅದು ಇತ್ತೋ, ನಾನ ಕಟ್ಟೀನೋ? ಕಣ್ಣಿಂದ ನೋಡಿ ಹೋಗೂಣು ಅಂತ ಬಂದೆ."

ಲಾಲಸಾಬ ಕಣ್ಣೊರೆಸಿಕೊಂಡ. ಅವನಿಗೆ ಹತ್ತಿಯಿಂದಲೂ ಕಣ್ಣೀರು ಬರುತ್ತದೆ. "ನಾ ಹೋಗಿ ನೋಡಿ ಬರ್ತೀನಿ ಬಿಡ್ರಿ ಅವ್ವಾರ," ಎಂದ.

"ನೀ ನೋಡಿ ಬಂದು ಏನ ಹೇಳ್ತಿ? ಐತಿ ಅಂತಿ. ಮುದಿಕಿ ಸಮಾಧಾನಕ್ಕ ಎಲ್ಲಾರೂ ಐತಿ ಅಂತಾರ."

ನನ್ನ ಜೇಬಿನಲ್ಲಿ, ಯಾವಾಗಲೂ ಇರುವ ಹಾಗೆ, ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆ ಇತ್ತು. ಗೀಚಿದ ಕಲ್ಲಿನ ಮೇಲೆ ತೆಳ್ಳನೆಯ ಬಟ್ಟೆ ಹಾಸಿ ಬಿಲ್ಲೆ ಉಜ್ಜಿದರೆ, ಗೆರೆ ಇದ್ದಲ್ಲಿ ಬಿಳಿ ಉಳಿದು ಮಿಕ್ಕದ್ದು ನೀಲಿಯಾಗುತ್ತದೆ. ಇದು ಹೊಳೆದದ್ದೇ ತಡ, ಮಾತು ಬಾಯಿಂದ ಬಿದ್ದುಹೋಯಿತು. "ತೋರಿಸೋ ಹಾಗೇ ತರ್ತೀನಿ ಅವ್ವಾರ. ಇದ್ದರೆ ಇದ್ದ ಹಾಗೆ, ಇಲ್ಲದಿದ್ದರೆ ಇಲ್ಲದ ಹಾಗೆ. ಲಾಲಸಾಬ, ಒಂದು ಗಜ ತೆಳು ಬಟ್ಟೆ ಕೊಡು."

"ಹೋಗಿ ಬಾರಪಾ," ಎಂದಳು ನೀಲಗಂಗವ್ವ. "ನಿನಗೇನು, ಊರಾಂವ."

ಬಟ್ಟೆ ಬಗಲಿಗಿಟ್ಟುಕೊಂಡು ಹೊರಟೆ. ಹೊರಟ ಮೇಲೆ ಲೆಕ್ಕ ಹಾಕಿದೆ. ಬೆಳಗಿನಿಂದ ನೂರ ಹತ್ತು ನಡೆದಿದ್ದೆ. ಅಂಗಡಿಯಿಂದ ಇಲ್ಲಿಗೆ ನಾನೂರ ನಲವತ್ತು. ಉಳಿದದ್ದು ನಾನೂರ ಐವತ್ತು. ಬಾವಿಗೆ ಇಲ್ಲಿಂದ ನನ್ನ ಕಾಲಿಗೆ ಏಳುನೂರ ಐವತ್ತು, ಜನರ ಬಾಯಿಂದ ಕೇಳಿ ಕೂಡಿಸಿಟ್ಟುಕೊಂಡ ಲೆಕ್ಕ. ನನ್ನ ಲೆಕ್ಕ ನಿಂತಿರದಿದ್ದರೆ ನಾನು ದಾರಿಯಲ್ಲೇ ನಿಲ್ಲುತ್ತೇನೆ, ಬಟ್ಟೆ ಖಾಲಿ ಉಳಿಯುತ್ತದೆ, ನಾಲ್ಕಕ್ಕೆ ಗೇಟು ಬೀಳುತ್ತದೆ. ಹಿಂದಿರುಗಿ ಲಾಲಸಾಬನಿಗೆ ಬಿಲ್ಲೆ ಉಜ್ಜುವುದು ಹೇಗೆಂದು ಹೇಳಿಕೊಟ್ಟು ಕಳಿಸಬಹುದಿತ್ತು. ಹಿಂದಿರುಗಲೂ ಹೆಜ್ಜೆ ಬೇಕು, ಕಾರಣವೂ ಬೇಕು. ನನ್ನ ಬಳಿ ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಹೆಜ್ಜೆ ಉದ್ದ ಮಾಡಿ ನಡೆದೆ, ದುಡ್ಡು ಉಳಿಸುವ ಜಿಪುಣನ ಹಾಗೆ.

ಕಮಾನಿನ ಹತ್ತಿರ ಬಂದಾಗ ಒಂಬೈನೂರ ತೊಂಬತ್ತೆಂಟು. ಇನ್ನೆರಡು ಇಟ್ಟೆ. ಸಾವಿರ. ನಾನು ನಿಂತದ್ದು ಹುಸೇನಸಾಬರನ್ನು ಬಿಟ್ಟು ಕೂತಿದ್ದ ಅದೇ ಕಟ್ಟೆಯ ಮುಂದೆ. ಅದು ದ್ಯಾಮವ್ವನ ಮನೆಯ ಕಟ್ಟೆ. ಕಾಲು ಎತ್ತಲು ನೋಡಿದೆನೋ ಇಲ್ಲವೋ ಹೇಳಲಾರೆ. ಊರು ಹಿಡಿದಿದೆಯೋ, ಹೆದರಿಕೆ ಹಿಡಿದಿದೆಯೋ, ನಿಂತವನಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಕಣ್ಣು ಮುಚ್ಚಿಕೊಂಡೆ. ಈಗ ಬಾಗಿಲು ತೆರೆಯುತ್ತದೆ, ದ್ಯಾಮವ್ವ ಏನೂ ಕೇಳದೆ ಮಣೆ ತಂದಿಡುತ್ತಾಳೆ ಎಂದು ಕಾದೆ.

ಬಾಗಿಲು ತೆರೆಯಿತು. "ಏ ನೇಮಣ್ಣಾ, ಬಾಗಲದಾಗ ಯಾಕ ಕಂಬ ಆಗಿ ನಿಂತಿ? ಸರಿ ಅತ್ತಾಗ, ಕಸಾ ಹೊಡೀಬೇಕು!"

ಕಸಬರಿಗೆ ಕಾಲಿಗೇ ಬಂತು. ಕಸಬರಿಗೆ ಮೈಗೆ ತಾಗಬಾರದೆಂದು ನನ್ನವ್ವ ಕಲಿಸಿದ್ದಳು. ಯಾವ ಊರಿನಲ್ಲಿದ್ದರೂ ಆ ಪಾಠ ಮರೆಯುವಂಥದ್ದಲ್ಲ. ಹಾರಿದೆ. ಒಂದು, ಎರಡು, ಮೂರು ಹೆಜ್ಜೆ ಆಚೆ ಹೋಗಿ ನಿಂತು ಕಾಲು ನೋಡಿಕೊಂಡೆ. ದ್ಯಾಮವ್ವ ನಾನು ನಿಂತಿದ್ದ ಜಾಗವನ್ನು ಗುಡಿಸಿ ಮುಂದಕ್ಕೆ ಹೋದಳು.

"ಕಾಲಾಗ ಮುಳ್ಳ ಮುರದೈತೇನು?" ಎಂದಳು.

"ಇಲ್ಲ."

"ಮತ್ತ ಹೋಗು, ಧೂಳ ಹಾರತೈತಿ."

ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಹತ್ತೊಂಬತ್ತು ವರ್ಷದಲ್ಲಿ ಯಾವ ಬೆಳಗ್ಗೆ ಲೆಕ್ಕ ನಿಂತಿತ್ತೋ ನನಗೆ ಗೊತ್ತಾಗಲೇ ಇಲ್ಲ. ಮೊನ್ನೆ ನಿಂತಿರಬಹುದು, ಹದಿನೈದು ವರ್ಷದ ಹಿಂದೆಯೇ ನಿಂತಿರಬಹುದು. ಅವತ್ತು ಆ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಾಗ, ಏಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲವೇನೋ. ಇದನ್ನು ಯೋಚಿಸುತ್ತ ನಡೆಯುವಾಗ ಎಡಗಡೆ ಕಬರಸ್ಥಾನದ ಗೋಡೆ ಬಂತು. ತಲೆ ಎತ್ತಿ ನೋಡಲಿಲ್ಲ. ನನಗಾಗಿ ಮಣೆಯ ಮೇಲೆ ಒಬ್ಬಳು ಕಾಯುತ್ತಿದ್ದಳು.

ರಾಣಿ ಬಾವಿ ನಾನು ಎಣಿಸಿಕೊಂಡಷ್ಟು ದೊಡ್ಡದಲ್ಲ. ಜನ ಹೊಗಳುವುದನ್ನು ಕೇಳಿ ನಾನು ಅದನ್ನು ಇನ್ನೂ ಆಳ ಮಾಡಿಕೊಂಡಿದ್ದೆ. ಮೇಲೆ ನಾಲ್ಕು ಜನ ಗೇಟಿಗೆ ಬಣ್ಣ ಹಚ್ಚುತ್ತಿದ್ದರು. ಲಗೂನ ಮುಗಸ್ರಿ ಎಂದರು. ಎರಡನೆಯ ಕಟ್ಟೆಗೆ ಇಳಿದೆ. ಪಾಚಿ ಕಟ್ಟಿತ್ತು. ಚಪ್ಪಲಿ ಕಳಚಿ ಅದರಿಂದಲೇ ಉಜ್ಜಿದೆ. ಮೊದಲು ಒಂದು ಹುಲಿಕುರಿ ಆಟದ ಗೆರೆ ಬಂತು, ಆಮೇಲೆ ಯಾರದೋ ಹೆಸರು, ಆಮೇಲೆ ಒಂದು ಚೌಕಾಬಾರ. ಅದಕ್ಕೆ ಹೊರಮನೆ ಇರಲಿಲ್ಲ. ಇನ್ನೂ ಉಜ್ಜಿದೆ. ಗೋಡೆಗೆ ಒತ್ತಿಕೊಂಡು ಇನ್ನೊಂದು ಸಿಕ್ಕಿತು, ಸೊಟ್ಟಂಬಟ್ಟ. ಅದರ ಬಲಮೂಲೆಯ ಹೊರಗೆ, ಬೇರೆ ಮನೆಗಳಿಗಿಂತ ಚಿಕ್ಕದಾಗಿ, ಮೊಳೆ ಜಾರಿ ಜಾರಿ ಗೀಚಿದ ಒಂದು ಚೌಕ. ಇಲ್ಲದ್ದನ್ನು ಇದೆ ಎಂದುಕೊಳ್ಳುತ್ತಿದ್ದೇನೆಯೋ ಎಂದು ಬೆರಳಾಡಿಸಿ ನೋಡಿದೆ. ಬಟ್ಟೆ ಹಾಸಿ, ಮೊಣಕಾಲಿನಿಂದ ಒತ್ತಿ ಹಿಡಿದು, ಬಿಲ್ಲೆ ಸವೆದು ಚೂರಾಗುವ ತನಕ ಉಜ್ಜಿದೆ.

ನಾನು ತಿರುಗಿ ಬಂದಾಗ ಮೂರೂವರೆ. ಬಟ್ಟೆಯನ್ನು ನೀಲಗಂಗವ್ವನ ಮೊಣಕಾಲಿನ ಮೇಲೆ ಹರಡಿದೆ. ಆಕೆ ನಡುವಿನ ಮನೆಗಳನ್ನು ನೋಡಲಿಲ್ಲ, ಬೆರಳು ನೇರವಾಗಿ ಬಲಮೂಲೆಗೆ ಹೋಯಿತು. ಹೋಗಿ ಅಲ್ಲೇ ನಿಂತಿತು.

"ಐತಿ," ಎಂದಳು. ಆಮೇಲೆ ಅತ್ತಳು. ಸಣ್ಣ ಹುಡುಗಿಯ ಹಾಗೆ ಬಾಯಿ ಬಿಟ್ಟು ಅತ್ತಳು. ಲಾಲಸಾಬ ಅಂಗಡಿಯೊಳಗೆ ಹೋಗಿ ಯಾವುದೋ ಗಾದಿಯನ್ನು ಕಾರಣವಿಲ್ಲದೆ ಬಡಿಯತೊಡಗಿದ. ನಾನು ಬೀದಿ ನೋಡುತ್ತ ನಿಂತೆ.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾ, ಕೂಡು, ಆಡೂಣು," ಎಂದಳು. ಲಾಲಸಾಬ ಹುಣಸೆಬೀಜ ಅರ್ಧ ಮಾಡಿ ತಂದುಕೊಟ್ಟ. ಕಾಯಿಗೆ ನನ್ನ ಜೇಬಿನ ಗುಂಡಿಗಳಾದವು, ಆಕೆಗೆ ಬಿಳಿ, ನನಗೆ ಕರಿ. ಒಂದು ಗಾದಿಯ ಮೇಲೆ ಬಟ್ಟೆ ಹಾಸಿ ಆಡಿದೆವು. ನಡುವೆ ಬಾವಿಯ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿತು. ಆಕೆ ಕೈಯಲ್ಲಿ ಬೀಜ ಹಿಡಿದುಕೊಂಡು ಕೇಳಿಸಿಕೊಂಡಳು, ಸದ್ದು ನಿಂತ ಮೇಲೆ ಬೀಜ ಬಿಟ್ಟಳು.

ಎರಡು ಆಟ ಸೋತೆ. "ಇಲ್ಲಿಂದ ಬಾವಿಗೆ ಎಷ್ಟು ಹೆಜ್ಜಿ ಆತು?" ಎಂದು ಕೇಳಿದಳು.

"ಬರೋವಾಗ ಎಣಿಸಲಿಲ್ಲ," ಎಂದೆ. ಹಾಗೆಂದ ಮೇಲೆ ಮಿಕ್ಕದ್ದೂ ತಾನಾಗಿಯೇ ಬಂತು. ನಾನು ಈ ಊರಿನವನಲ್ಲ ಎಂದೆ, ಇಷ್ಟು ವರ್ಷ ಎಣಿಸಿದ್ದು, ಕಮಾನು, ಕಸಬರಿಗೆ, ಎಲ್ಲ ಹೇಳಿದೆ. ಒಳಗೆ ಗಾದಿ ಬಡಿಯುವ ಸದ್ದು ನಿಂತಿತ್ತು, ಲಾಲಸಾಬನೂ ಕೇಳಿಸಿಕೊಂಡನೆಂದು ಕಾಣುತ್ತದೆ.

ನೀಲಗಂಗವ್ವ ನಕ್ಕಳು. "ಹಂಗಾರ ನಾ ಬಿಟ್ಟು ಹ್ವಾದ ಜಾಗಾದಾಗ ನೀ ಬಂದು ಕುಂತಿ. ಕುಂಡ್ರು. ನಿನ್ನ ಯಾರೂ ಕಡಿಯೂದಿಲ್ಲ. ಈಗ ಬೀಜ ಬಿಡು."

ರಾತ್ರಿ ಲಾಲಸಾಬನ ಹೆಂಡತಿ ಆಕೆಗೆ ರೊಟ್ಟಿ ಪಲ್ಯ ಕೊಟ್ಟಳು, ಅಂಗಡಿಯಲ್ಲಿದ್ದದ್ದರಲ್ಲೇ ಮೆತ್ತನೆಯ ಗಾದಿಯನ್ನು ಆಕೆ ಕೂತಲ್ಲೇ ಹಾಕಿಕೊಟ್ಟಳು. ಬೆಳಗ್ಗೆ ಸೂರ್ಯ ಹುಟ್ಟಿದ ಕೂಡಲೇ ಕಾಲು ಬಿಟ್ಟವು. ಲಾಡ್ಜಿನಲ್ಲಿದ್ದ ಚೀಲವನ್ನು ಲಾಲಸಾಬ ತಂದುಕೊಟ್ಟ. ಗಾದಿ ಅಂಗಡಿಯಿಂದ ನೇರ ನನ್ನ ಅಂಗಡಿಗೆ ಬರಲು ಆಕೆಗೆ ಒಂಬೈನೂರ ಎಂಬತ್ತು ಹೆಜ್ಜೆಯಾಯಿತು. ಈ ಸಲ ಆಕೆಯೇ ಬಾಯಿಬಿಟ್ಟು ಎಣಿಸಿದಳು, ನಾನು ಪಕ್ಕದಲ್ಲಿ ಚೀಲ ಹಿಡಿದು ಸುಮ್ಮನೆ ಬಂದೆ. ಉಳಿದದ್ದು ಇಪ್ಪತ್ತು. ಬಾಗಿಲು ದಾಟಲು ಹತ್ತು ಬೇಕು.

"ಐದು ವರ್ಷಕ್ಕ ಗೇಟ್ ತಗೀತಾರಲ್ಲ, ಇದ್ರ ಬರ್ತೀನಿ. ಆವಾಗ ಯಾವ ಲಾಡ್ಜು?" ಎಂದಳು.

"ಹತ್ತು ಹೆಜ್ಜೆ ನಡೀರಿ," ಎಂದೆ.

ಚಪ್ಪಡಿಯ ಮೇಲೆ ಹತ್ತು ಹೆಜ್ಜೆ ನಡೆದಳು. ಟೇಪು ಹಿಡಿದೆ. ರವಿಕೆ ಅಂಗಿಗಳ ಅಳತೆ ಬರೆಯುವ ಪುಸ್ತಕದಲ್ಲಿ 'ನೀಲಗಂಗವ್ವ, ಹನ್ನೊಂದೂವರೆ ಇಂಚು, ಹಿಂಬಾಗಿಲು, ಬಾವಿಕಟ್ಟೆ ಲಾಡ್ಜ್' ಎಂದು ಬರೆದು ಓದಿ ಹೇಳಿದೆ.

"ಅಲ್ಲಿ ಚಾ ಹೆಂಗೈತಿ?"

"ಚೆನ್ನಾಗಿಲ್ಲ."

"ಇರ್ಲಿ ತಗೋ," ಎಂದಳು. ಮಡಿಸಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು, ಉಳಿದ ಹತ್ತನ್ನೂ ಎಣಿಸಿ, ಬಾಗಿಲು ದಾಟಿ ಬಸ್ಸು ಹತ್ತಿದಳು.

ಆ ದಿನ ಬಸ್ಸಿನಿಂದ ಇಳಿದವರು ಏಳು ಜನ. ಏಳೂ ಜನರ ಅಳತೆ ತೆಗೆದು ಲಾಡ್ಜ್ ಹೇಳಿ ಕಳಿಸಿದೆ. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು, ಹುಸೇನಸಾಬರ ಮಣೆ ಒಂದು ಕೈಯಲ್ಲಿ, ಗುಂಡಿ ಹಾಕಬೇಕಿದ್ದ ಐದು ಅಂಗಿ ಇನ್ನೊಂದು ಕೈಯಲ್ಲಿ ಹಿಡಿದು ಹೊರಟೆ. ಲಾಲಸಾಬ ನೋಡಿ ಎಲ್ಲಿಗೆಂದು ಕೇಳಲಿಲ್ಲ. ದ್ಯಾಮವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ಬಿಡಿಸುತ್ತಿದ್ದಳು. ಕಬರಸ್ಥಾನದಲ್ಲಿ ಅವರ ಗೋರಿ ಯಾವುದೆಂದು ನನಗೆ ಗೊತ್ತಿರಲಿಲ್ಲ, ಕಾವಲುಗಾರನನ್ನು ಕೇಳಬೇಕಾಯಿತು. ಬೇವಿನ ಗಿಡದ ಬುಡದಲ್ಲಿತ್ತು. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ತಡವಾಯಿತು ಎಂದು ಹೇಳಿದೆ. ಆಮೇಲೆ ಸೂಜಿಗೆ ದಾರ ಪೋಣಿಸಿ ಮೊದಲನೆಯ ಗುಂಡಿ ಹೊಲಿದೆ.